ಅಲುಗಾಡದೆ ನಿಲ್ಲುವ ಕೆಲಸ: ಓದುಗರ ಪ್ರಶ್ನೆ, ನಿವೃತ್ತ ಹವಾಲ್ದಾರರ ಉತ್ತರ

ಕಳೆದ ಸಂಚಿಕೆಯಲ್ಲಿ ರಾಷ್ಟ್ರಪತಿ ಭವನದ ಗಾರ್ಡ್ ಡ್ಯೂಟಿಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಮಂಜೇಶ್ವರದಿಂದ ಹೊಸದುರ್ಗದವರೆಗೆ ಎಲ್ಲೆಲ್ಲಿಂದಲೋ ಪತ್ರಗಳು ಬಂದಿವೆ. ಹೆಚ್ಚಿನವು ಮಕ್ಕಳದ್ದು. ಓದಿ ತುಂಬಾ ಖುಷಿಯಾಯಿತು. ಹೊಸಬರಿಗಾಗಿ ಒಂದು ಮಾತು: ನಾನು ನೀರ್ಚಾಲಿನ ಕಡೆಯವನು. ಕನ್ನಡ ಮೀಡಿಯಂ ಶಾಲೆಯಿಂದ ನೇರವಾಗಿ ಮದ್ರಾಸ್ ರೆಜಿಮೆಂಟಿಗೆ ಸೇರಿದವನು. ಊಟಿ ಹತ್ತಿರದ ವೆಲ್ಲಿಂಗ್ಟನ್ನಿನಲ್ಲಿ ತರಬೇತಿ. ಮುಂದೆ ದೆಹಲಿಯಲ್ಲಿ ಗೌರವ ರಕ್ಷೆಯ, ಅಂದರೆ ಗಣ್ಯರು ಬಂದಾಗ ಸಾಲಾಗಿ ನಿಂತು ವಂದನೆ ಸಲ್ಲಿಸುವ ಡ್ಯೂಟಿ ಸಿಕ್ಕಿತು. ಈಗ ಅಡಿಕೆ ತೋಟ, ಮತ್ತೆ ಭಾನುವಾರ ಶಾಲೆಯ ಮೈದಾನದಲ್ಲಿ ಮಕ್ಕಳಿಗೆ ಕವಾಯತು.

ಟಿವಿಯಲ್ಲಿ ನೋಡಿದರೆ ಗಾರ್ಡ್‌ನವರು ಒಂದಿಷ್ಟೂ ಅಲುಗಾಡುವುದಿಲ್ಲ. ಸೊಳ್ಳೆ ಕಚ್ಚಿದರೆ ಏನು ಮಾಡುತ್ತಾರೆ? ತಲೆ ತಿರುಗಿ ಬೀಳುವುದಿಲ್ಲವಾ?
*ಪ್ಲಸ್ ಟು ವಿದ್ಯಾರ್ಥಿ, ಬದಿಯಡ್ಕ*

ಸೊಳ್ಳೆ ಕಚ್ಚುತ್ತದೆ. ಕಚ್ಚಿ ಹೋಗುತ್ತದೆ. ಅಷ್ಟೇ ಮಗಾ, ಅದಕ್ಕೆ ಬೇರೆ ಉಪಾಯ ಇಲ್ಲ. ರೆಪ್ಪೆ ಹೊಡೆಯಬಹುದು, ಉಸಿರಾಡಬಹುದು, ಎಂಜಲು ನುಂಗಬಹುದು. ಉಳಿದದ್ದು ಯಾವುದೂ ಇಲ್ಲ.

ತಲೆ ತಿರುಗುವುದು ಮಾತ್ರ ನಿಜವಾದ ಕಷ್ಟ. ಇದರ ಕಾರಣವನ್ನು ನಮ್ಮ ಉಸ್ತಾದರು ಮೊದಲೇ ಹೇಳಿಕೊಟ್ಟಿದ್ದರು. ಡ್ರಿಲ್ ಕಲಿಸುವವರನ್ನು ಸೈನ್ಯದಲ್ಲಿ ಉಸ್ತಾದ್ ಅಂತಲೇ ಕರೆಯುವುದು. ನಡೆಯುವಾಗ ಮೀನಖಂಡ ಹಿಂಡಿ ಹಿಂಡಿ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಸುಮ್ನೆ ನಿಂತರೆ ಆ ಕೆಲಸ ನಿಲ್ಲುತ್ತದೆ. ರಕ್ತ ಕಾಲಿನಲ್ಲೇ ಉಳಿಯುತ್ತದೆ, ತಲೆಗೆ ಕಡಿಮೆಯಾಗುತ್ತದೆ. ಮೊದಲು ಕಿವಿಯಲ್ಲಿ ಗುಂಯ್ ಅನ್ನುವ ಸದ್ದು. ಆಮೇಲೆ ಬೆವರು ತಣ್ಣಗಾಗುತ್ತದೆ. ಎದುರಿನ ಹಸಿರು ಲಾನು ಬೂದು ಬಣ್ಣ ಆಗುತ್ತದೆ. ಅಷ್ಟು ಹೊತ್ತಿಗೆ ಎಚ್ಚರ ಮಾಡಿಕೊಳ್ಳದಿದ್ದರೆ ಬಿದ್ದ ಹಾಗೆಯೇ.

ಹಾಗಾಗಿ ಹೊರಗೆ ಅಲುಗಾಡದವನು ಒಳಗೆ ಕೆಲಸ ಮಾಡುತ್ತಲೇ ಇರುತ್ತಾನೆ. ಬೂಟಿನೊಳಗೆ ಕಾಲ್ಬೆರಳು ಮಡಚುತ್ತಾನೆ, ಬಿಡುತ್ತಾನೆ. ಮೀನಖಂಡ ಬಿಗಿ, ಸಡಿಲ. ಆಮೇಲೆ ತೊಡೆ ಬಿಗಿ, ಸಡಿಲ. ಎದುರಿಗೆ ನಿಂತ ಜನರಲ್‌ಗೂ ಗೊತ್ತಾಗುವುದಿಲ್ಲ. ಮೊಣಕಾಲನ್ನು ಹಿಂದಕ್ಕೆ ಸೆಟೆಸಿ ಲಾಕ್ ಮಾಡಬಾರದು. ಹೊಸಬರು ಬೀಳುವುದು ಹೆಚ್ಚಾಗಿ ಇದರಿಂದಲೇ. ಭಾರ ಹಿಮ್ಮಡಿಯ ಮೇಲಿರಬಾರದು, ಸ್ವಲ್ಪ ಮುಂದೆ ಇರಬೇಕು. ಕಣ್ಣು ದೂರದ ಒಂದು ಬಿಂದುವಿನ ಮೇಲೆ. ನನ್ನ ಬಿಂದು ಭವನದ ಎದುರಿನ ಅಂಗಳದ ಜೈಪುರ ಕಂಬದ ಬುಡದ ಒಂದು ಕಲ್ಲು. ಈಗಲೂ ಕಣ್ಣು ಮುಚ್ಚಿದರೆ ಆ ಕಲ್ಲಿನ ಅಂಚು ಕಾಣುತ್ತದೆ.

ಖಾಲಿ ಹೊಟ್ಟೆಯಲ್ಲಿ ಗಾರ್ಡ್‌ಗೆ ನಿಲ್ಲಲು ಬಿಡುವುದಿಲ್ಲ. ಹಿಂದಿನ ರಾತ್ರಿ ನಿದ್ದೆ ಆಗಿರಬೇಕು, ಬೇಸಿಗೆಯಲ್ಲಿ ಉಪ್ಪು ಹಾಕಿದ ನೀರು ಕುಡಿದಿರಬೇಕು. ಇಷ್ಟೆಲ್ಲಾ ಮಾಡಿಯೂ ಯಾರಾದರೂ ಬೀಳುವುದುಂಟು. ಆಗ ಪಕ್ಕದವನು ತಿರುಗಿ ನೋಡುವ ಹಾಗಿಲ್ಲ. ಹಿಂದೆ ಇದಕ್ಕೆಂದೇ ಜನ ನಿಂತಿರುತ್ತಾರೆ, ಅವರು ಬಂದು ಎತ್ತಿಕೊಂಡು ಹೋಗುತ್ತಾರೆ. ಬಿದ್ದವನನ್ನು ನಮ್ಮಲ್ಲಿ ಯಾರೂ ಗೇಲಿ ಮಾಡುತ್ತಿರಲಿಲ್ಲ.

ಸೆಂಟ್ರಿ ಡ್ಯೂಟಿ, ಅಂದರೆ ಕಾವಲು ಕಾಯುವುದು, ಬೇರೆ. ಅದರಲ್ಲಿ ಸಾಮಾನ್ಯವಾಗಿ ಎರಡು ಗಂಟೆ ನಿಂತರೆ ನಾಲ್ಕು ಗಂಟೆ ಬಿಡುವು.

ಅಷ್ಟು ಬಿಳಿ, ಅಷ್ಟು ಇಸ್ತ್ರಿ, ಅಷ್ಟು ಹೊಳಪು. ಬಟ್ಟೆ ಒಗೆಯಲು, ಬೂಟು ಉಜ್ಜಲು ಜನ ಇರುತ್ತಾರಾ? ನನ್ನ ಮಗ ಅವನ ಶಾಲೆಯ ಶೂವನ್ನೇ ಒರೆಸುವುದಿಲ್ಲ.
*ಗೃಹಿಣಿ, ಪೆರ್ಲ*

ಯೂನಿಟ್‌ನಲ್ಲಿ ಧೋಬಿ ಇರುತ್ತಾರೆ ಅಕ್ಕಾ. ಆದರೆ ಗಾರ್ಡ್‌ನ ಬೂಟು, ಬೆಲ್ಟು, ಹಿತ್ತಾಳೆ ಮಾತ್ರ ಅವರವರ ಕೈಯದ್ದೇ ಕೆಲಸ. ಬೇರೆಯವರಿಗೆ ಕೊಡಲು ನಮಗೇ ಮನಸ್ಸು ಬರುತ್ತಿರಲಿಲ್ಲ.

ಬೂಟಿನ ಕತೆ ಹೇಳುತ್ತೇನೆ, ಮಗನಿಗೂ ಓದಿಸಿ. ಹೊಸ ಬೂಟಿನ ಚರ್ಮ ಒರಟು, ಸಣ್ಣ ಸಣ್ಣ ಗುಳಿ ಇರುತ್ತದೆ. ಮೊದಲು ಪಾಲಿಶ್ ದಪ್ಪಗೆ ಬಳಿದು ಆ ಗುಳಿ ತುಂಬಿಸಬೇಕು. ಒಂದು ರಾತ್ರಿ ಹಾಗೇ ಬಿಡಬೇಕು. ಆಮೇಲೆ ಹಳೆಯ ಮೆತ್ತನೆಯ ಹತ್ತಿ ಬಟ್ಟೆ. ಅದನ್ನು ತೋರುಬೆರಳು, ನಡುಬೆರಳಿಗೆ ಬಿಗಿಯಾಗಿ ಸುತ್ತಬೇಕು, ಬೆರಳ ತುದಿಯಲ್ಲಿ ಒಂದು ಸುಕ್ಕೂ ಇರಬಾರದು. ಪಾಲಿಶ್ ಡಬ್ಬಿಯ ಮುಚ್ಚಳದಲ್ಲಿ ಸ್ವಲ್ಪ ತಣ್ಣೀರು. ಬಟ್ಟೆಗೆ ಒಂದು ಚೂರು ಪಾಲಿಶ್, ಒಂದು ಹನಿ ನೀರು. ಬೂಟಿನ ಮೂತಿಯ ಮೇಲೆ ಸಣ್ಣ ಸಣ್ಣ ಸುತ್ತು. ಒತ್ತಬಾರದು. ಮೊದಲು ಮಂಜು ಹಿಡಿದ ಹಾಗೆ ಮಸುಕಾಗುತ್ತದೆ, ಇಲ್ಲೇ ಹೊಸಬರಿಗೆ ಬೇಜಾರು ಬರುವುದು. ಬಿಡದೆ ಸುತ್ತು ಹಾಕುತ್ತಾ ಹೋದರೆ ಮಸುಕು ನಿಧಾನವಾಗಿ ಕರಗಿ ಒಳಗಿನಿಂದ ಕಪ್ಪು ಎದ್ದು ಬರುತ್ತದೆ. ಮತ್ತೆ ಪಾಲಿಶ್, ಮತ್ತೆ ನೀರು. ಹೀಗೆ ಪದರದ ಮೇಲೆ ಪದರ. ಕೊನೆಗೆ ಬಲ್ಬಿನ ಕೆಳಗೆ ಹಿಡಿದರೆ ಬಲ್ಬಿನೊಳಗಿನ ತಂತಿ ಬೂಟಿನ ಮೂತಿಯಲ್ಲಿ ಕಾಣಬೇಕು. ಅಷ್ಟಾದರೆ ಉಸ್ತಾದ್ ಏನೂ ಹೇಳದೆ ಮುಂದೆ ಹೋಗುತ್ತಾರೆ. ಅವರು ಸುಮ್ಮನೆ ಮುಂದೆ ಹೋದರೆ ನಮಗೆ ಅದೇ ದೊಡ್ಡ ಬಹುಮಾನ.

ನಮ್ಮ ಬೂಟಿನ ಅಡಿಗೆ ಮೊಳೆ, ಹಿಮ್ಮಡಿಗೆ ಕಬ್ಬಿಣದ ಲಾಳ ಇರುತ್ತಿತ್ತು. ಎಲ್ಲರ ಹಿಮ್ಮಡಿ ಒಟ್ಟಿಗೆ ನೆಲಕ್ಕೆ ಬಿದ್ದರೆ ಒಂದೇ ಸದ್ದು ಬರಬೇಕು. ಎರಡು ಸದ್ದು ಕೇಳಿದರೆ ಪುನಃ ಮಾಡಬೇಕು.

ಇಸ್ತ್ರಿಯ ಗೆರೆ ಕೂತ ಮೇಲೆ ಕುಳಿತುಕೊಳ್ಳುವ ಹಾಗಿಲ್ಲ. ಮೈದಾನಕ್ಕೆ ಕರೆದುಕೊಂಡು ಹೋಗುವ ಲಾರಿಯಲ್ಲೂ ನಿಂತೇ ಹೋಗುತ್ತಿದ್ದೆವು. ಯಕ್ಷಗಾನದ ಚೌಕಿಯಲ್ಲಿ ವೇಷ ಕಟ್ಟಿದ ಮೇಲೆ ಕಲಾವಿದರು ಹೇಗೆ ಜಾಗ್ರತೆಯಿಂದ ಇರುತ್ತಾರೆ, ನೋಡಿದ್ದೀರಲ್ಲ, ಹಾಗೆ. ಒಬ್ಬರ ಪಗಡಿ ಇನ್ನೊಬ್ಬರು ಹಿಡಿದು ಕಟ್ಟಬೇಕು. ಬೆನ್ನಿನ ಹಿಂದಿನ ಮಡಿಕೆ ನಮಗೆ ಕಾಣುವುದಿಲ್ಲವಲ್ಲ. ಹಾಗಾಗಿ ಜೊತೆಗಾರನ ಕೈಯಲ್ಲೇ ನಮ್ಮ ಮರ್ಯಾದೆ ಇರುತ್ತಿತ್ತು.

ಒಂದು ದಿನ ಹೇಗಿರುತ್ತದೆ? ಬೆಳಿಗ್ಗೆಯಿಂದ ರಾತ್ರಿವರೆಗೆ ಕವಾಯತೇನಾ?
*ಹೈಸ್ಕೂಲ್ ವಿದ್ಯಾರ್ಥಿಗಳು, ಮಂಜೇಶ್ವರ*

ಬೆಳಕು ಹರಿಯುವ ಮೊದಲೇ ಏಳುವುದು. ಕ್ಷೌರ, ಒಂದು ಮಗ್ ಚಹಾ, ಪಿಟಿ. ತಿಂಡಿ ಆದ ಮೇಲೆ ಡ್ರಿಲ್. ಮಧ್ಯಾಹ್ನದ ಮೇಲೆ ಆಯುಧ ಸ್ವಚ್ಛ ಮಾಡುವುದು, ಬೂಟು ಬೆಲ್ಟು. ಸಂಜೆ ಆಟ. ರಾತ್ರಿ ರೋಲ್ ಕಾಲ್‌ನಲ್ಲಿ ನಾಳೆ ಯಾರಿಗೆ ಯಾವ ಡ್ಯೂಟಿ ಎಂದು ಓದುತ್ತಾರೆ. ಗಾರ್ಡ್ ಬೆಟಾಲಿಯನ್ ಅಂದರೂ ಅದು ಕಾಲಾಳು ಪಡೆಯೇ. ಕೆಲವು ವರ್ಷಕ್ಕೊಂದು ಬೆಟಾಲಿಯನ್ ಸರದಿಯಲ್ಲಿ ದೆಹಲಿಗೆ ಬರುತ್ತದೆ, ಡ್ಯೂಟಿ ಮುಗಿಸಿ ಗಡಿಗೋ ಗುಡ್ಡಕ್ಕೋ ಹೋಗುತ್ತದೆ. ಹಾಗಾಗಿ ಫೈರಿಂಗ್ ಅಭ್ಯಾಸ ಬಿಡುವ ಹಾಗಿಲ್ಲ.

ಡ್ರಿಲ್‌ನಲ್ಲಿ ಮೊದಲ ಕೆಲಸ ಕದ್‌ವಾರ್, ಅಂದರೆ ಎತ್ತರದ ಪ್ರಕಾರ ನಿಲ್ಲಿಸುವುದು. ಉದ್ದದವರು ಎರಡು ತುದಿಗೆ, ಗಿಡ್ಡದವರು ನಡುವಿಗೆ. ನಾನು ಯಾವಾಗಲೂ ನಡುವಿನವನು. ತೇಜ್ ಚಲ್‌ನಲ್ಲಿ, ಅಂದರೆ ವೇಗದ ನಡಿಗೆಯಲ್ಲಿ, ನಿಮಿಷಕ್ಕೆ 120 ಹೆಜ್ಜೆ, ಒಂದೊಂದು ಹೆಜ್ಜೆ 30 ಇಂಚು. ಉಸ್ತಾದ್ ಕೈಯಲ್ಲಿ ಪೇಸ್ ಸ್ಟಿಕ್ ಎಂಬ ಕೋಲು. ಅದು ಕೈವಾರದಂತೆ ಬಿಚ್ಚಿಕೊಳ್ಳುತ್ತದೆ, ಹೆಜ್ಜೆಯ ಅಳತೆಗೆ ಇಟ್ಟುಕೊಂಡು ಪಕ್ಕದಲ್ಲೇ ನಡೆಯುತ್ತಾರೆ. ಉದ್ದ ಕಾಲಿನವನು ಹೆಜ್ಜೆ ಕಡಿಮೆ ಮಾಡಬೇಕು, ಗಿಡ್ಡ ಕಾಲಿನವನು ಚಾಚಬೇಕು. ಕಮಾಂಡ್ ಎಲ್ಲಾ ಹಿಂದಿಯಲ್ಲಿ. ನನಗೆ ಆಗ ಹಿಂದಿ ಬರುತ್ತಿದ್ದದ್ದು ಅಷ್ಟಕ್ಕಷ್ಟೇ. ತೊಂದರೆ ಆಗಲಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಕೇಳಿ ಬೆಳೆದ ಕಿವಿಗೆ ಇನ್ನೊಂದು ಭಾಷೆ ಭಾರವಲ್ಲ.

ಗಣರಾಜ್ಯೋತ್ಸವ ಬಂತೆಂದರೆ ಮಾತ್ರ ಮೇಲೆ ಹೇಳಿದ ವೇಳಾಪಟ್ಟಿ ಎಲ್ಲಾ ತಲೆಕೆಳಗು. ಪೆರೇಡಿನ ಒಂದು ತುಕಡಿಯಲ್ಲಿ 12 ಸಾಲು, ಸಾಲಿಗೆ 12 ಮಂದಿ, ಒಟ್ಟು 144. ಅಭ್ಯಾಸಕ್ಕೆ ನಡುರಾತ್ರಿ ದಾಟಿದ ಮೇಲೆ ಏಳಬೇಕು. ಜನವರಿಯ ದೆಹಲಿಯ ಮಂಜಿನಲ್ಲಿ ಮುಂದಿನ ಸಾಲಿನವನ ಬೆನ್ನು ಕಾಣುತ್ತದೆ, ಅವನ ಮುಂದಿನವನು ಕಾಣುವುದಿಲ್ಲ. ನಮ್ಮ ಕೈಯಲ್ಲಿ ಆಗ ಎಸ್‌ಎಲ್‌ಆರ್ ರೈಫಲ್, ನಾಲ್ಕು ಕಿಲೋಗಿಂತ ಸ್ವಲ್ಪ ಜಾಸ್ತಿ ತೂಕ. ಆ ಚಳಿಯಲ್ಲಿ ಅದರ ಕಬ್ಬಿಣ ಮುಟ್ಟಿದರೆ ಅಂಗೈ ಉರಿಯುತ್ತದೆ. ಕಾಸರಗೋಡಿನ ಸೆಖೆಯಲ್ಲಿ ಬೆಳೆದ ನಮಗೆ ಅದೊಂದು ಹೊಸ ಲೋಕ. ಕಾಣದಿದ್ದಾಗ ಕಿವಿ ಕೆಲಸ ಮಾಡುತ್ತದೆ. ಪಕ್ಕದವನ ಬೂಟಿನ ಸದ್ದು, ಅವನ ತೋಳಿನ ಬಟ್ಟೆ ಸರಿಯುವ ಸದ್ದು, ಅವನ ಉಸಿರು. ಇವು ಮೂರನ್ನು ಕೇಳಿಕೊಂಡೇ ಸಾಲು ನೇರ ಇಡುತ್ತಿದ್ದೆವು.

ಕುದುರೆ ಮೇಲೆ ಈಟಿ ಹಿಡಿದು ಹೋಗುವ ರಾಷ್ಟ್ರಪತಿಯವರ ಅಂಗರಕ್ಷಕ ಪಡೆಗೆ ನಮ್ಮ ಊರಿನವರು ಸೇರಬಹುದಾ?
*ಓದುಗರು, ಕುಂಬಳೆ*

ಸದ್ಯಕ್ಕೆ ಇಲ್ಲ. ಆ ಪಡೆಗೆ ಜಾಟ್, ರಜಪೂತ, ಜಾಟ್ ಸಿಖ್ ಸಮುದಾಯದವರನ್ನೇ ಮುಖ್ಯವಾಗಿ ತೆಗೆದುಕೊಳ್ಳುವ ಹಳೆಯ ಪದ್ಧತಿ ಇದೆ. ಇದು ಬದಲಾಗಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಕುದುರೆ ಸವಾರಿ ಕಲಿಯಬಲ್ಲ, ಎತ್ತರ ಇರುವ ಹುಡುಗರು ಎಲ್ಲಾ ಊರಲ್ಲೂ ಇದ್ದಾರೆ.

ಪಡೆಯ ಬಗ್ಗೆ ಮಾತ್ರ ನನಗೆ ತುಂಬಾ ಗೌರವ. 1773ರಲ್ಲಿ ವಾರನ್ ಹೇಸ್ಟಿಂಗ್ಸ್ ಕಾಲದಲ್ಲಿ ಬನಾರಸಿನಲ್ಲಿ 50 ಸವಾರರಿಂದ ಶುರುವಾದದ್ದು. ನಮ್ಮ ಸೈನ್ಯದ ಅತ್ಯಂತ ಹಿರಿಯ ರೆಜಿಮೆಂಟ್ ಅದೇ. ಈಟಿಯ ಉದ್ದ 9 ಅಡಿ 9 ಇಂಚು, ತುದಿಯಲ್ಲಿ ಕೆಂಪು ಬಿಳಿ ಬಾವುಟ. ಚಳಿಗಾಲಕ್ಕೆ ಕೆಂಪು ಕೋಟು, ಬೇಸಿಗೆಗೆ ಬಿಳಿ. ಬೆಳ್ಳಿಯ ತುತ್ತೂರಿ ಊದುವವನು ಮಾತ್ರ ಬೂದು ಕುದುರೆಯ ಮೇಲೆ, ಉಳಿದವರದ್ದು ಕಂದು. ಇವರೆಲ್ಲ ಬರೀ ಸವಾರರು ಎಂದುಕೊಳ್ಳಬೇಡಿ. ಪ್ಯಾರಾಶೂಟ್ ಕಟ್ಟಿಕೊಂಡು ವಿಮಾನದಿಂದ ಹಾರುವ ತರಬೇತಿಯೂ ಆಗಿರುತ್ತದೆ.

ಕುದುರೆಗಳಿಗೂ ಮರ್ಯಾದೆ ಇದೆ. ವಿರಾಟ್ ಎಂಬ ಕುದುರೆ 2003ರಲ್ಲಿ ಸೇರಿ 2022ರ ಜನವರಿ 26ರಂದು ನಿವೃತ್ತಿಯಾಯಿತು. ಅದಕ್ಕೆ ಭೂಸೇನಾ ಮುಖ್ಯಸ್ಥರ ಪ್ರಶಂಸಾ ಪತ್ರ ಸಿಕ್ಕಿತ್ತು. ಪೆರೇಡ್ ಮುಗಿದ ಮೇಲೆ ರಾಷ್ಟ್ರಪತಿ, ಪ್ರಧಾನಿ ಇಬ್ಬರೂ ಅದರ ಮೈದಡವಿ ಬೀಳ್ಕೊಟ್ಟದ್ದನ್ನು ಟಿವಿಯಲ್ಲಿ ನೋಡಿ ನನ್ನ ಕಣ್ಣು ತುಂಬಿತ್ತು.

ದೆಹಲಿಗೆ ಹೋದರೆ ಶನಿವಾರದ ಗಾರ್ಡ್ ಬದಲಾವಣೆ ಖಂಡಿತ ನೋಡಿ. ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಿ, ಗುರುತಿನ ಚೀಟಿ ಇಟ್ಟುಕೊಳ್ಳಿ.

ವಾಘಾ ಗಡಿಯಲ್ಲಿ ಕಾಲು ತಲೆವರೆಗೆ ಎತ್ತುವವರು ನಿಮ್ಮ ಸೈನ್ಯದವರೇ ಅಲ್ವಾ?
*ಅಂಗಡಿ ಮಾಲೀಕರು, ಉಪ್ಪಳ*

ಅವರು ಬಿಎಸ್‌ಎಫ್, ಗಡಿ ಭದ್ರತಾ ಪಡೆ. ಗೃಹ ಸಚಿವಾಲಯದ ಕೆಳಗೆ ಬರುತ್ತಾರೆ. ನಮ್ಮ ಡ್ರಿಲ್‌ನಲ್ಲಿ ಕಾಲು ಅಷ್ಟು ಮೇಲೆ ಹೋಗುವುದಿಲ್ಲ. ಅವರದ್ದು ಬಹಳ ಕಷ್ಟದ ಕವಾಯತು, ದಿನಾ ಸಂಜೆ ಮಾಡುತ್ತಾರೆ.

21 ತೋಪು ಹಾರಿಸುವಾಗ ಗುಂಡು ಎಲ್ಲಿ ಬೀಳುತ್ತದೆ?
*ಐದನೇ ತರಗತಿ ವಿದ್ಯಾರ್ಥಿನಿ, ಮುಳ್ಳೇರಿಯ*

ಎಲ್ಲೂ ಬೀಳುವುದಿಲ್ಲ ಪುಟ್ಟಿ. ಅದರಲ್ಲಿ ಮದ್ದು ಮಾತ್ರ, ಗುಂಡು ಇರುವುದಿಲ್ಲ. ಸದ್ದು, ಹೊಗೆ ಅಷ್ಟೇ. ರಾಷ್ಟ್ರಗೀತೆಯ 52 ಸೆಕೆಂಡಿನೊಳಗೆ 21 ಸಲವೂ ಹಾರಿಸಿ ಮುಗಿಸಬೇಕು. ಮೊದಲು ಬ್ರಿಟಿಷರ ಕಾಲದ 25 ಪೌಂಡರ್ ತೋಪು ಇತ್ತು. 2023ರ ಗಣರಾಜ್ಯೋತ್ಸವದಿಂದ ನಮ್ಮ ದೇಶದಲ್ಲೇ ಮಾಡಿದ 105 ಎಂಎಂ ತೋಪು ಬಂದಿದೆ.

ತಪ್ಪು ತಿಳಿಯಬೇಡಿ. ಯುದ್ಧ ಮಾಡಬೇಕಾದ ಸೈನಿಕರನ್ನು ಹೀಗೆ ಬೂಟು ಹೊಳೆಸಿ ನಿಲ್ಲಿಸುವುದು ಬರೀ ತೋರಿಕೆ ಅಲ್ಲವೇ?
*ನಿವೃತ್ತ ಅಧ್ಯಾಪಕರು, ಎಡನೀರು*

ಮಾಷ್ಟ್ರೇ, ತಪ್ಪೇನೂ ತಿಳಿಯುವುದಿಲ್ಲ. ಇದಕ್ಕೆ ನಾನು ಕಂಡ ಒಂದು ದಿನದ ಮಾತು ಹೇಳುತ್ತೇನೆ.

ನಾನು ನಿವೃತ್ತನಾಗಿ ಬಂದ ಮೇಲೆ ನಮ್ಮ ಹತ್ತಿರದ ಊರಿನ ಒಬ್ಬ ಸೈನಿಕ ತೀರಿಕೊಂಡ. ಹೆಸರು ಬೇಡ, ಮನೆಯವರು ಇದ್ದಾರೆ. ಆಟಿ ತಿಂಗಳ ಮಳೆ. ಕಣ್ಣೂರಿನ ಕಡೆಯಿಂದ ಸೈನ್ಯದ ತಂಡ ಬಂತು. ಮನೆ ಇರುವುದು ಗುಡ್ಡದ ಕೆಳಗೆ. ರಸ್ತೆಯಿಂದ ಮುರಕಲ್ಲಿನ ಮೆಟ್ಟಿಲು ಇಳಿದು, ತೋಟದ ನಡುವಿನ ಕಣಿಯ ಸಂಕ ದಾಟಿ ಹೋಗಬೇಕು. ಮೆಟ್ಟಿಲಿಗೆಲ್ಲಾ ಪಾಚಿ. ನಾವು ಊರಿನವರೇ ಕೋಲೂರಿಕೊಂಡು ಇಳಿಯುವ ಜಾಗ. ಧ್ವಜ ಹೊದೆಸಿದ ಪೆಟ್ಟಿಗೆಯನ್ನು ಆರು ಹುಡುಗರು ಭುಜದ ಮೇಲಿಟ್ಟು ಇಳಿಸಿದರು. ಒಬ್ಬನೂ ಕೆಳಗೆ ನೋಡಲಿಲ್ಲ. ಒಬ್ಬ ಮಾತ್ರ ಮೆಲ್ಲನೆ ಹೆಜ್ಜೆ ಎಣಿಸುತ್ತಿದ್ದ. ಆರು ಜನರ ಬೂಟು ಒಟ್ಟಿಗೆ ಮೆಟ್ಟಿಲಿಗೆ ಬೀಳುತ್ತಿತ್ತು. ಪೆಟ್ಟಿಗೆ ಒಂದು ಕಡೆಗೂ ವಾಲಲಿಲ್ಲ. ಅವನ ಅಮ್ಮ ಅಂಗಳದಲ್ಲಿ ನಿಂತು ನೋಡುತ್ತಿದ್ದರು ಮಾಷ್ಟ್ರೇ. ಆ ಅಮ್ಮನ ಎದುರು ಪೆಟ್ಟಿಗೆ ವಾಲಬಾರದು. ಅದಕ್ಕಾಗಿ ನಾವು ವರ್ಷಗಟ್ಟಲೆ ಹೆಜ್ಜೆ ಕಲಿಯುವುದು.

ಆಮೇಲೆ ಶೋಕ್ ಶಸ್ತ್ರ. ರೈಫಲನ್ನು ತಲೆಕೆಳಗು ಮಾಡಿ, ಅದರ ಬಾಯಿಯನ್ನು ಬೂಟಿನ ಮೂತಿಯ ಮೇಲಿಟ್ಟು, ಎರಡು ಕೈ ಹಿಡಿಯ ಮೇಲೆ, ತಲೆ ತಗ್ಗಿಸಿ ನಿಲ್ಲುವುದು. ಮೂರು ಸಲ ಗಾಳಿಯಲ್ಲಿ ಗುಂಡು. ಬ್ಯೂಗಲ್‌ನಲ್ಲಿ ಲಾಸ್ಟ್ ಪೋಸ್ಟ್ ಎಂಬ ಬೀಳ್ಕೊಡುಗೆಯ ರಾಗ. ಧ್ವಜವನ್ನು ಚಿತೆಗೆ ಹಾಕುವ ಹಾಗಿಲ್ಲ, ಅದು ನಿಯಮ. ಹಾಗಾಗಿ ಅದನ್ನು ತೆಗೆದು ಮಡಚಿ ಮನೆಯವರ ಕೈಗೆ ಕೊಟ್ಟರು. ಕೊಟ್ಟ ಹುಡುಗನಿಗೆ ಹೆಚ್ಚೆಂದರೆ ಇಪ್ಪತ್ತೆರಡು ವರ್ಷ. ಮಳೆ ಅವನ ಮುಖದ ಮೇಲೆ ಹರಿಯುತ್ತಿತ್ತು, ಅವನು ಒರೆಸಿಕೊಳ್ಳಲಿಲ್ಲ. ಅಮ್ಮ ಧ್ವಜ ತೆಗೆದುಕೊಂಡು ಎದೆಗೆ ಒತ್ತಿಕೊಳ್ಳುವವರೆಗೆ ಅವನು ಕೈ ಕೆಳಗೆ ಇಳಿಸಲಿಲ್ಲ.

ರಾಷ್ಟ್ರಪತಿ ಭವನದಲ್ಲಿ ಕಲಿಯುವುದೂ ಇದನ್ನೇ. ವಿದೇಶದ ಅಧ್ಯಕ್ಷರ ಎದುರು ನಿಲ್ಲುವಾಗ ಇಡೀ ದೇಶ ನಮ್ಮ ಮೂಲಕ ಮಾತಾಡಿಸುತ್ತಿರುತ್ತದೆ. ಹಳ್ಳಿಯ ಅಂಗಳದಲ್ಲಿ ನಿಲ್ಲುವಾಗಲೂ ಹಾಗೆಯೇ. ಎರಡಕ್ಕೂ ಒಂದೇ ಬೂಟು, ಒಂದೇ ಹೊಳಪು. ಯುದ್ಧಕ್ಕೂ ಇದು ಬೇಕು. ಹೆದರಿಕೆ ಆದಾಗ ಕೈಕಾಲು ತಾನಾಗಿ ಮಾತು ಕೇಳಬೇಕಲ್ಲ, ಆ ಅಭ್ಯಾಸ ಡ್ರಿಲ್‌ನಲ್ಲೇ ಆಗುವುದು.

ಹುಡುಗಿಯರಿಗೆ ಗೌರವ ರಕ್ಷೆಯಲ್ಲಿ ಅವಕಾಶ ಇದೆಯಾ?
*ಎನ್‌ಸಿಸಿ ಕೆಡೆಟ್, ಕಾಸರಗೋಡು*

ಇದೆ, ಖಂಡಿತ ಇದೆ. 2015ರಲ್ಲಿ ಒಬಾಮಾ ಬಂದಾಗ ಮೂರೂ ಸೇನೆಗಳ ಗೌರವ ರಕ್ಷೆಯ ಮುಂದಾಳು ವಿಂಗ್ ಕಮಾಂಡರ್ ಪೂಜಾ ಠಾಕೂರ್. 2020ರ ಸೇನಾ ದಿನದಂದು ಕ್ಯಾಪ್ಟನ್ ತಾನಿಯಾ ಶೇರ್‌ಗಿಲ್ ಗಂಡಸರ ತುಕಡಿಗಳನ್ನು ಮುನ್ನಡೆಸಿದರು. ಆಫೀಸರ್ ಆಗದೆಯೂ ಸೇರಬಹುದು. ಮಿಲಿಟರಿ ಪೊಲೀಸ್‌ಗೆ ಮಹಿಳಾ ಸೈನಿಕರನ್ನು ತೆಗೆದುಕೊಳ್ಳುತ್ತಾರೆ. ಅವರ ತರಬೇತಿ ಕೇಂದ್ರ ಬೆಂಗಳೂರಿನಲ್ಲೇ ಇದೆ. ಮೊದಲ ತಂಡದ 83 ಮಂದಿ 2021ರ ಮೇ ತಿಂಗಳಲ್ಲಿ ಅಲ್ಲಿಂದ ಹೊರಬಂದರು. ನೀನು ಎನ್‌ಸಿಸಿ ಬಿಡಬೇಡ. ಗಣರಾಜ್ಯೋತ್ಸವ ಶಿಬಿರಕ್ಕೆ ಆಯ್ಕೆಯಾದರೆ ಕರ್ತವ್ಯ ಪಥದಲ್ಲಿ ಈಗಲೇ ನಡೆಯಬಹುದು.

ಮಗನಿಗೆ ಸೈನ್ಯದ ಹುಚ್ಚು. ಕನ್ನಡ ಮೀಡಿಯಂನವನು. ಮಲಯಾಳ ಓದಲು ಬರೆಯಲು ಬರುವುದಿಲ್ಲ. ಕೇರಳದಲ್ಲಿ ಅವನಿಗೆ ದಾರಿ ಇದೆಯಾ?
*ಒಬ್ಬ ತಂದೆ, ಆದೂರು*

ಇದೆ. ನಮ್ಮ ಜಿಲ್ಲೆ ಕೋಯಿಕ್ಕೋಡಿನ ಸೇನಾ ನೇಮಕಾತಿ ಕಚೇರಿಗೆ ಸೇರುತ್ತದೆ. ಅರ್ಜಿ ಆನ್‌ಲೈನ್. ಮೊದಲು ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆ. ಈಗ ಅದನ್ನು 13 ಭಾಷೆಗಳಲ್ಲಿ ನಡೆಸುತ್ತಾರೆ, ಅದರಲ್ಲಿ ಕನ್ನಡವೂ ಇದೆ. ಅರ್ಜಿ ತುಂಬುವಾಗ ಭಾಷೆಯ ಕಡೆ ಗಮನ ಇರಲಿ. ಕಂಪ್ಯೂಟರ್ ಸೆಂಟರಿನವರು ಅಭ್ಯಾಸಬಲದಿಂದ ಮಲಯಾಳ ಒತ್ತಿಬಿಡಬಹುದು. ನೀವೇ ಪಕ್ಕದಲ್ಲಿ ಕೂತು ನೋಡಿ.

ಜನರಲ್ ಡ್ಯೂಟಿಗೆ, ಅಂದರೆ ಸಾಮಾನ್ಯ ಸೈನಿಕನ ಕೆಲಸಕ್ಕೆ, ಹತ್ತನೇ ತರಗತಿಯಲ್ಲಿ ಒಟ್ಟು ಶೇಕಡಾ 45, ಪ್ರತಿ ವಿಷಯದಲ್ಲಿ 33 ಬೇಕು. ನಮ್ಮ ಕಡೆಯವರಿಗೆ ಎತ್ತರ 166 ಸೆಂಟಿಮೀಟರ್. ವಯಸ್ಸು 17 ವರ್ಷ 6 ತಿಂಗಳು ತುಂಬಿರಬೇಕು, ಮೇಲಿನ ಮಿತಿಯನ್ನು ಆ ವರ್ಷದ ಪ್ರಕಟಣೆಯಲ್ಲೇ ನೋಡಿ. 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡಿದರೆ 60 ಅಂಕ, ಹತ್ತು ಪುಲ್ ಅಪ್ ತೆಗೆದರೆ 40. ಒಂದು ವಿಷಯ ಮಗನಿಗೆ ಮೊದಲೇ ಹೇಳಿ. ಈಗ ಸೇರುವುದು ಅಗ್ನಿವೀರನಾಗಿ, ನಾಲ್ಕು ವರ್ಷಕ್ಕೆ. ಆಮೇಲೆ ಕಾಯಂ ಆಗುವುದು ಶೇಕಡಾ 25ರವರೆಗೆ ಮಾತ್ರ. ನಮ್ಮ ಕಾಲದ ಪಿಂಚಣಿಯ ಲೆಕ್ಕ ಹಾಕಿಕೊಂಡು ಕಳಿಸಬೇಡಿ. ಅವನ ಓದು ಮುಂದುವರಿಸುವ ದಾರಿಯನ್ನೂ ಈಗಲೇ ಮಾತಾಡಿಕೊಳ್ಳಿ.

ಓಟದ ಅಭ್ಯಾಸಕ್ಕೆ ಭಾನುವಾರ ಬೆಳಿಗ್ಗೆ ಆರಕ್ಕೆ ನಮ್ಮ ಮೈದಾನಕ್ಕೆ ಬರಲಿ. ದುಡ್ಡು ಏನೂ ಇಲ್ಲ. ಬೂಟು ಬೇಡ, ಕ್ಯಾನ್ವಾಸ್ ಶೂ ಸಾಕು. ಒಂದು ಬಾಟಲಿ ನೀರು ತರಲಿ, ಮನೆಯಿಂದ ಏನಾದರೂ ಹೊಟ್ಟೆಗೆ ಹಾಕಿಕೊಂಡೇ ಹೊರಡಲಿ.